ಕಿಸೆಯಲ್ಲಿ ಹೋದ ಕುಬೇರ

ವೀರೇಂದ್ರ ಅಕ್ಕನ ಜೊತೆ ಮಾತು ಬಿಟ್ಟ ಮೇಲೆ ಇದು ನಾಲ್ಕನೇ ಪಂಚಮಿ. ಮಾತು ಬಿಟ್ಟದ್ದು ಹೊಲಕ್ಕಲ್ಲ, ಮನೆಗಲ್ಲ, ಬಂಗಾರಕ್ಕೂ ಅಲ್ಲ. ಅಂಗೈಯಷ್ಟು ಅಗಲದ ಒಂದು ರಟ್ಟಿನ ತುಂಡಿಗೆ. ಅದರ ಮೇಲೆ ಬೇಸ್‌ಬಾಲ್ ಆಡುವ ಒಬ್ಬ ಅಮೆರಿಕದ ಹುಡುಗನ ಚಿತ್ರ. ಧಾರವಾಡದ ಮನೆತನದ ಅಕ್ಕ ತಮ್ಮ, ಒಬ್ಬರು ಮೆಲ್ಬರ್ನಿನಲ್ಲಿ ಇನ್ನೊಬ್ಬರು ಸಿಡ್ನಿಯಲ್ಲಿ ಕೂತು, ಅಮೆರಿಕದ ಆಟಗಾರನ ಸಲುವಾಗಿ ಮುಖ ತಿರುಗಿಸಿದರು ಎಂದರೆ ಕೇಳಿದವರು ನಕ್ಕಾರು. ನಗಲಿ. ಇಂಥ ಜಗಳಗಳಲ್ಲಿ ನಗುವಂಥದ್ದು ಏನಿದ್ದರೂ ಹೊರಗಿನವರಿಗೆ ಮಾತ್ರ ಕಾಣುತ್ತದೆ.

ಕಾರ್ಡು ಅವರಪ್ಪ ಚನ್ನಮಲ್ಲಪ್ಪನವರದು. ತೊಂಬತ್ತರ ದಶಕದ ಮೊದಲಲ್ಲೇ ಹೆಂಡತಿ ಮಕ್ಕಳನ್ನು ಕರೆದುಕೊಂಡು ಸಿಡ್ನಿಗೆ ಬಂದು, ಒಂದು ಪ್ಯಾಕೇಜಿಂಗ್ ಫ್ಯಾಕ್ಟರಿಯಲ್ಲಿ ಡ್ರಾಫ್ಟ್ಸ್‌ಮನ್ ಆಗಿ ಮುಪ್ಪಿನ ತನಕ ದುಡಿದವರು. ಸಿಗರೇಟಿಲ್ಲ, ಬಿಯರಿಲ್ಲ. ಇದ್ದದ್ದು ಒಂದೇ ಚಟ. ಸಂಬಳದ ದಿನ ಸ್ಟೇಷನ್ ಪಕ್ಕದ ಪೇಪರ್ ಅಂಗಡಿಯಲ್ಲಿ ಒಂದು ಪ್ಯಾಕೆಟ್ ಬೇಸ್‌ಬಾಲ್ ಕಾರ್ಡು ಕೊಳ್ಳುವುದು. ಆಟದ ಗಂಧಗಾಳಿಯೂ ಅವರಿಗಿರಲಿಲ್ಲ. ಕಾರ್ಡಿನ ಹಿಂಬದಿಯ ಅಂಕಿಗಳನ್ನು ಮಾತ್ರ ಕನ್ನಡಕ ಏರಿಸಿಕೊಂಡು ಓದುತ್ತಿದ್ದರು. ಕ್ರಿಕೆಟ್ಟಿನ ಕಾರ್ಡು ಯಾಕೆ ಕೊಳ್ಳುವುದಿಲ್ಲ ಎಂದು ಕೇಳಿದರೆ ಹುಬ್ಬಳ್ಳಿಯ ವ್ಯಾಪಾರಸ್ಥರ ಗತ್ತಿನಲ್ಲಿ ಉತ್ತರ ಬರುತ್ತಿತ್ತು.

"ಕ್ರಿಕೆಟ್ಟಿಂದು ಈ ದೇಶದಾಗ ಮನಿಮನಿಗೆ ಐತಿ. ಇದು ಯಾರ ಕಡೆ ಐತಿ ಹೇಳು? ಇಲ್ಲದ್ದಕ್ಕ ಬೆಲಿ ಬರತೈತಿ, ತಮ್ಮಾ. ನಾ ಹೋದ ಮ್ಯಾಲೆ ನೀವಿಬ್ಬರೂ ನನ್ನ ನೆನಸ್ತೀರಿ ನೋಡ್ರಿ."

ಹಾಗೆ ಹದಿನಾಲ್ಕು ಬೂಟಿನ ಡಬ್ಬಿ ತುಂಬಿದವು. ಅವುಗಳಲ್ಲಿ ಒಂದು ಕಾರ್ಡು ಮಾತ್ರ ಬೇರೆ. ಬ್ಯಾಟನ್ನು ಹೆಗಲಿಗಿಟ್ಟುಕೊಂಡು ನಗುವ ಆ ಹುಡುಗ ಮುಂದೆ ದೊಡ್ಡ ಆಟಗಾರನಾದ. ಅಂದಿನಿಂದ ಅವನ ಕಾರ್ಡು ಗಟ್ಟಿ ಪ್ಲಾಸ್ಟಿಕ್ಕಿನ ಕವಚ ಸೇರಿ ದೇವರ ಜಗಲಿ ಏರಿತು. ದೀಪಾವಳಿ ಅಮಾವಾಸ್ಯೆಯ ಲಕ್ಷ್ಮೀಪೂಜೆಯಲ್ಲಿ ಅದಕ್ಕೂ ಒಂದು ಹೂವು. ಅಪ್ಪ ಅವನಿಗಿಟ್ಟ ಹೆಸರು ಕುಬೇರ. ಮನೆಯವರೆಲ್ಲ ಅದನ್ನು ತಮಾಷೆಯೆಂದೇ ತಿಳಿದಿದ್ದರು. ಆದರೆ ಚನ್ನಮಲ್ಲಪ್ಪನವರು ತಮಾಷೆ ಮಾಡುತ್ತಿರಲಿಲ್ಲ.

ಅವ್ವ ಹೋದ ಮೇಲೆ ಅವರು ಮಗನ ಜೊತೆ ಸಿಡ್ನಿಯದೇ ಮಾರ್ಸ್ಡನ್ ಪಾರ್ಕಿನ ಹೊಸ ಮನೆಗೆ ಬಂದರು. ಮಗಳು ರುದ್ರಾಣಿ ಮದುವೆಯಾಗಿ ಮೆಲ್ಬರ್ನಿನ ಕ್ಲೇಟನ್ ಸೇರಿ, ಅಲ್ಲಿ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ವೀರೇಂದ್ರನಿಗಿಂತ ಎಂಟು ವರ್ಷ ದೊಡ್ಡವಳು. ಈ ದೇಶಕ್ಕೆ ಬಂದ ಹೊಸತರಲ್ಲಿ ಅಪ್ಪ ಅವ್ವ ಇಬ್ಬರೂ ಶಿಫ್ಟಿಗೆ ಹೋದರೆ, ತಮ್ಮನ ತಲೆ ಬಾಚಿ, ಡಬ್ಬಿ ಕಟ್ಟಿ, ಶಾಲೆಯ ಗೇಟಿನ ತನಕ ಕೈ ಹಿಡಿದು ಒಯ್ದವಳು ಅವಳು. ಅಕ್ಕನಿಲ್ಲದೆ ಅವನಿಗೆ ಬಾಲ್ಯವೇ ಇರಲಿಲ್ಲ ಅನ್ನಬೇಕು.

ಅವರ ಕಡೆ ನಾಗರ ಪಂಚಮಿ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಹೋಗಿ ಕರೆತರಬೇಕು. ಕರೆಯದೆ ತವರಿಗೆ ಬಂದರೆ ಹೆಣ್ಣುಮಗಳಿಗೆ ಮಾನವಲ್ಲ. ಸಿಡ್ನಿಯಿಂದ ಮೆಲ್ಬರ್ನಿಗೆ ಒಂದೂವರೆ ಗಂಟೆಯ ವಿಮಾನ, ಅವಳೇ ಟಿಕೆಟ್ ಬುಕ್ ಮಾಡಿಕೊಂಡು ಬರಬಹುದಲ್ಲ ಎಂದು ವೀರೇಂದ್ರನ ಹೆಂಡತಿ ಸಂಧ್ಯಾರಾಣಿ ಮೊದಮೊದಲು ನಗುತ್ತಿದ್ದಳು. ವೀರೇಂದ್ರ ಕೇಳುತ್ತಿರಲಿಲ್ಲ. ಪ್ರತಿ ಶ್ರಾವಣಕ್ಕೂ ಬೆಳಗಿನ ವಿಮಾನಕ್ಕೆ ಹೋಗಿ, ಅಕ್ಕನ ಮನೆಯಲ್ಲಿ ಊಟ ಮಾಡಿ, ಸಂಜೆಯ ವಿಮಾನಕ್ಕೆ ಅವಳನ್ನು ಕರೆದುಕೊಂಡು ಬರುತ್ತಿದ್ದ. ಆ ನಾಲ್ಕು ದಿನ ಮನೆಯಲ್ಲಿ ಶೇಂಗಾದುಂಡಿ, ಎಳ್ಳುಂಡಿ, ಹಿತ್ತಲಲ್ಲಿ ಜೋಕಾಲಿ, ಅಪ್ಪನ ಮುಖದಲ್ಲಿ ಕಳೆ.

ಅಪ್ಪ ಹೋದದ್ದು ಒಂದು ಮೇ ತಿಂಗಳಲ್ಲಿ. ಅವರಲ್ಲಿ ಸುಡುವುದಿಲ್ಲ, ಮಣ್ಣು ಮಾಡುತ್ತಾರೆ. ಹಣೆಗೆ ವಿಭೂತಿ, ಎಡ ಅಂಗೈಯಲ್ಲಿ ಲಿಂಗ. ಆವತ್ತು ವೀರೇಂದ್ರ ಸ್ವಾಮಿಗಳಿಗೆ ಫೋನು, ಸ್ಮಶಾನದ ಕಾಗದಪತ್ರ, ಬಂದವರ ಊಟೋಪಚಾರ ಎಂದು ಓಡಾಡಿಕೊಂಡಿದ್ದ. ಅಪ್ಪನಿಗೆ ಬಿಳಿ ಅಂಗಿ ತೊಡಿಸುವಾಗ ಹತ್ತಿರ ಇದ್ದವಳು ರುದ್ರಾಣಿ.

ಮೂರು ತಿಂಗಳಿಗೆ ಪಂಚಮಿ ಬಂತು. ಆ ಸಲವೂ ಕರೆಯಲು ಹೋದ, ಅವಳೂ ಬಂದಳು. ಹಬ್ಬದ ಮರುದಿನ ಡಬ್ಬಿಗಳನ್ನು ಹಂಚಿಕೊಳ್ಳೋಣ ಎಂದಾಯಿತು. ಪಾಲಿನಲ್ಲಿ ಹಿರಿಯರ ಪದ್ಧತಿ ಒಂದಿದೆ. ದೊಡ್ಡವರು ಪಾಲು ಹಾಕಬೇಕು, ಸಣ್ಣವರು ಮೊದಲು ಆರಿಸಿಕೊಳ್ಳಬೇಕು. ಆಗ ಪಾಲು ಹಾಕುವವರ ಕೈ ತಾನಾಗಿಯೇ ಸಮ ಇರುತ್ತದೆ. ರುದ್ರಾಣಿ ಹಾಲಿನ ಕಾರ್ಪೆಟ್ಟಿನ ಮೇಲೆ ಏಳೇಳು ಡಬ್ಬಿ ಇಟ್ಟು, "ನೋಡ್ಕೊ ವೀರೂ, ಯಾವ ಪಾಲು ನಿನಗ?" ಎಂದಳು.

ವೀರೇಂದ್ರ ಡಬ್ಬಿಗಳನ್ನು ನೋಡಲಿಲ್ಲ. ಹಿಂದಿನ ವಾರವಷ್ಟೇ ಆಫೀಸಿನ ಗೆಳೆಯನೊಬ್ಬ ಫೋನಿನಲ್ಲಿ ಒಂದು ಸುದ್ದಿ ತೋರಿಸಿದ್ದ. ಅದೇ ಹುಡುಗ, ಅದೇ ನಗು, ಹೆಗಲ ಮೇಲೆ ಅದೇ ಬ್ಯಾಟು. ಅಮೆರಿಕದ ಹರಾಜಿನಲ್ಲಿ ಆ ಕಾರ್ಡು ಎರಡು ಲಕ್ಷ ಡಾಲರಿಗೆ ಹೋಗಿತ್ತು. ವೀರೇಂದ್ರನ ಮಾರ್ಟ್‌ಗೇಜು ಆಗ ಕುತ್ತಿಗೆಯ ತನಕ ಇತ್ತು.

"ಅಕ್ಕಾ, ಜಗಲಿ ಮ್ಯಾಲೆ ಕುಬೇರ ಇಲ್ಲ. ಎಲ್ಲಿ?"

"ಅಪ್ಪನ ಜೊತಿಗೆ ಕಳಿಸೇನಿ."

"ಅಂದ್ರ?"

"ಅಂಗಿ ಕಿಸೇದಾಗ ಇಟ್ಟೆ. ಮಣ್ಣಿಗೆ ಒಯ್ಯೂ ಮುಂದ."

ವೀರೇಂದ್ರ ಮೊದಲು ನಕ್ಕ. ಆಮೇಲೆ ಫೋನಿನಲ್ಲಿದ್ದ ಸುದ್ದಿ ತೋರಿಸಿದ. ರುದ್ರಾಣಿ ಅದನ್ನು ಪೂರ್ತಿ ಓದಿ ಫೋನನ್ನು ವಾಪಸು ಕೊಟ್ಟಳು. ಅವಳ ಮುಖ ಬದಲಾಗಲಿಲ್ಲ. ಅದೇ ಅವನಿಗೆ ಚುಚ್ಚಿತು.

"ಎರಡು ಲಕ್ಷ ಡಾಲರ್ ಮಣ್ಣಾಗ ಇಟ್ಟೀ? ನನ್ನ ಮುಖಾ ನೋಡಿ ಹೇಳಕ್ಕಾ."

ಅವಳು ಮುಖ ನೋಡಿ ಅದನ್ನೇ ಹೇಳಿದಳು.

"ನಿನ್ನ ಬ್ಯಾಗ್ ತಗದು ತೋರಿಸು," ಎಂದ ವೀರೇಂದ್ರ.

ಈ ಮಾತು ಬಾಯಿಂದ ಬಿದ್ದಾಗ ಸಂಧ್ಯಾರಾಣಿ "ಏನ್ ಮಾತಾಡಾಕತ್ತೀರಿ?" ಎಂದು ಅವನ ತೋಳು ಹಿಡಿದಳು. ಹೊತ್ತು ಮೀರಿತ್ತು. ರುದ್ರಾಣಿ ಒಳಗಿನಿಂದ ಬ್ಯಾಗು ತಂದು ತಮ್ಮನ ಮುಂದೆ ಬೋರಲು ಹಾಕಿದಳು. ಎರಡು ಇಲಕಲ್ ಸೀರೆ, ಒಳಬಟ್ಟೆ, ಬಿಪಿ ಗುಳಿಗೆ, ಮಗಳಿಗೆಂದು ಕಟ್ಟಿಸಿಕೊಂಡ ಉಂಡಿಯ ಡಬ್ಬಿ. ವೀರೇಂದ್ರ ಬಗ್ಗಿ ಒಂದೊಂದನ್ನೂ ಕೊಡವಿ ನೋಡಿದ. ಉಂಡಿಯ ಡಬ್ಬಿಯನ್ನೂ ತೆರೆದ. ತಲೆ ಬಾಚಿ ಶಾಲೆಗೆ ಕಳಿಸಿದ ಅಕ್ಕನ ಒಳಬಟ್ಟೆ ಸರಿಸಿ ನೋಡುವಾಗ ಆ ಮನುಷ್ಯನಿಗೆ ನಾಚಿಕೆಯಾಗಲಿಲ್ಲ. ಏನೂ ಸಿಗಲಿಲ್ಲ. "ಮೊದಲ ಮೆಲ್ಬರ್ನಿಗೆ ಮುಟ್ಟಿಸಿರಬೇಕು," ಎಂದ.

ರುದ್ರಾಣಿ ಸಂಜೆಯ ತನಕವೂ ನಿಲ್ಲಲಿಲ್ಲ. ತನ್ನ ಪಾಲಿನ ಏಳು ಡಬ್ಬಿಯನ್ನೂ ಅಲ್ಲೇ ಬಿಟ್ಟು ಹೋದಳು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ವೀರೇಂದ್ರನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅವನ ಲೆಕ್ಕದಲ್ಲಿ ಅದು ಅಡಿಕೆಯಾಗಿರಲಿಲ್ಲ, ಎರಡು ಲಕ್ಷ ಡಾಲರಾಗಿತ್ತು. ಮುಂದಿನ ಪಂಚಮಿಗೆ "ಹೋಗಿ ಕರಕೊಂಡು ಬರ್ರಿ" ಎಂದು ಸಂಧ್ಯಾರಾಣಿ ಹೇಳಿದಳು. "ಮೊದಲ ಆಕಿ ಖರೇ ಹೇಳಲಿ" ಎಂದ. ಅದರ ಮುಂದಿನ ವರ್ಷ ಹೇಳಿದಳು. ಮೂರನೇ ವರ್ಷ ಅವಳೂ ಹೇಳುವುದನ್ನು ಬಿಟ್ಟಳು. ಜೋಕಾಲಿಯ ಹಗ್ಗ ಬಿಸಿಲಿಗೆ ಜೀರ್ಣವಾಗಿ ಕಡಿದುಹೋಯಿತು. ಅಕ್ಕ ಇಲ್ಲದ ಮನೆ ಅವನನ್ನೂ ತಿನ್ನುತ್ತಿತ್ತು, ಸುಳ್ಳಲ್ಲ. ಎಷ್ಟೋ ಸಲ ಫೋನು ಕೈಗೆತ್ತಿಕೊಂಡು ಅವಳ ಹೆಸರಿನ ತನಕ ಹೋಗಿದ್ದಾನೆ. ಅಲ್ಲಿ ಕುಬೇರ ಅಡ್ಡ ನಿಲ್ಲುತ್ತಿದ್ದ.

ಈ ವರ್ಷ ಪಂಚಮಿ ಸೋಮವಾರ ಬಿದ್ದಿತ್ತು. ಹಿಂದಿನ ಗುರುವಾರ ತಾನು ನೌಕರಿಗಿದ್ದ ಬ್ಯಾಂಕಿನ ಕೆಲಸದ ಮೇಲೆ ಅವನು ಮೆಲ್ಬರ್ನಿನ ಡಾಕ್‌ಲ್ಯಾಂಡ್ಸ್‌ಗೆ ಬಂದ. ಆಫೀಸಿನ ಹತ್ತಿರದ ಒಂದು ಹಾಲಿನಲ್ಲಿ ಶುಕ್ರವಾರದಿಂದ ಕಾರ್ಡುಗಳ ಪ್ರದರ್ಶನ, ಮಾರಾಟ ಎಂದು ಮೊದಲೇ ನೋಡಿಕೊಂಡಿದ್ದ. ಗ್ಯಾರೇಜಿನಲ್ಲಿ ಡಬ್ಬಿಗಳು ಜಾಗ ತಿನ್ನುತ್ತಿದ್ದವು. ಒಂದನ್ನು ಬ್ಯಾಗಿನಲ್ಲಿ ಹಾಕಿಕೊಂಡು ಬಂದಿದ್ದ. ಶುಕ್ರವಾರ ಮಧ್ಯಾಹ್ನದ ಮೀಟಿಂಗ್ ಮುಗಿಸಿ ಅಲ್ಲಿಗೆ ನಡೆದ.

ಮೂಲೆಯ ಮೇಜಿನ ಹಿಂದೆ ಅರವತ್ತರ ಆಸುಪಾಸಿನ ಒಬ್ಬ ಹೆಂಗಸು ಕೂತಿದ್ದಳು. ಡಬ್ಬಿ ತೆರೆದು, ಕಾರ್ಡುಗಳ ಅಂಚಿನ ಮೇಲೆ ಬೆರಳಾಡಿಸಿ, ಒಂದನ್ನೂ ಹೊರಗೆ ತೆಗೆಯದೆ ಮುಚ್ಚಳ ಹಾಕಿದಳು. ಎಲ್ಲ ಕಾಮನ್ಸ್, ಎಂದಳು. ಅಂದರೆ ಎಲ್ಲರ ಹತ್ತಿರವೂ ಇರುವಂಥವು. ಆ ವರ್ಷಗಳಲ್ಲಿ ಕಂಪನಿಗಳು ಇವನ್ನು ದಿನಪತ್ರಿಕೆಯ ಹಾಗೆ ಅಚ್ಚು ಹಾಕಿದವು. ಮುಂದೆ ಬೆಲೆ ಬರುತ್ತದೆ ಎಂದು ಕೊಂಡವರೆಲ್ಲ ಜೋಪಾನ ಮಾಡಿದರು. ಯಾರೂ ಹರಿಯಲಿಲ್ಲ, ಯಾರೂ ಎಸೆಯಲಿಲ್ಲ. ಅದಕ್ಕೇ ಬೆಲೆ ಬರಲಿಲ್ಲ. ಇಡೀ ಡಬ್ಬಿಗೆ ಐದು ಡಾಲರ್ ಕೊಡುತ್ತೇನೆ, ಅದೂ ಡಬ್ಬಿ ಚೆನ್ನಾಗಿದೆಯೆಂದು, ಎಂದು ನಕ್ಕಳು.

ವೀರೇಂದ್ರ ಫೋನು ತೆಗೆದು ಆ ಹಳೆಯ ಸುದ್ದಿಯನ್ನು ಅವಳ ಮುಂದೆ ಹಿಡಿದ. ಅವಳು ಕನ್ನಡಕದ ಮೇಲಿಂದ ನೋಡಿದಳು. ಇದು ಆಟಗಾರನೇ ಸಹಿ ಹಾಕಿ, ಕೆಲವೇ ಕೆಲವನ್ನು ಮಾರುಕಟ್ಟೆಗೆ ಬಿಟ್ಟ ಬೇರೆ ಕಾರ್ಡು. ಫೋಟೋ ಮಾತ್ರ ಒಂದೇ. ಪ್ಯಾಕೆಟ್ಟಿನಲ್ಲಿ ಬರುತ್ತಿದ್ದದ್ದು ಇದಲ್ಲ. ಹೀಗೆಂದು ಮೇಜಿನ ಕೆಳಗಿನಿಂದ ಒಂದು ಕಟ್ಟು ತೆಗೆದು ರಬ್ಬರ್ ಬ್ಯಾಂಡ್ ಬಿಚ್ಚಿದಳು. ಮೂವತ್ತು ನಲವತ್ತು ಕುಬೇರರು ಬ್ಯಾಟು ಹೆಗಲಿಗಿಟ್ಟುಕೊಂಡು ನಗುತ್ತಿದ್ದರು. ಒಂದಕ್ಕೆ ಒಂದು ಡಾಲರ್, ಎಂದಳು.

ಎದೆಯ ಮೇಲಿಂದ ಬೀಸುವ ಕಲ್ಲು ಇಳಿಸಿದಂತಾಯಿತು ಅವನಿಗೆ. ಅಳುವೂ ಬಂತು. ಅಪ್ಪ ವರ್ಷಗಟ್ಟಲೆ ಹೂವೇರಿಸಿದ ಕಾರ್ಡಿಗೆ ಚಾದ ಬೆಲೆಯೂ ಇಲ್ಲ. ಹಾಗಾದರೆ ಅಕ್ಕ ಕದಿಯಲು ಅಲ್ಲಿ ಏನಿತ್ತು? ಅಕ್ಕ ಕಳ್ಳಿಯಲ್ಲ. ಲೆಕ್ಕ ಅಷ್ಟು ಸರಳವಾಗಿ ಮುಗಿಯಿತು. ಒಂದು ಡಾಲರ್ ಕೊಟ್ಟು ಒಂದು ಕಾರ್ಡು ಕೊಂಡು, ಡಬ್ಬಿಯನ್ನು ಅಲ್ಲೇ ಬಿಟ್ಟು, ಸ್ಟೇಷನ್ನಿಗೆ ಹೆಚ್ಚುಕಡಿಮೆ ಓಡಿದ.

ಕ್ಲೇಟನ್ ಕಡೆಯ ರೈಲಿನಲ್ಲಿ ಕೂತು ರುದ್ರಾಣಿಯ ಹೆಸರಿನಲ್ಲಿ ಮರುದಿನದ ವಿಮಾನಕ್ಕೆ ಟಿಕೆಟ್ ಬುಕ್ ಮಾಡಿಯೂ ಬಿಟ್ಟ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ. ಸಂಧ್ಯಾರಾಣಿಗೆ ಫೋನು ಮಾಡಿ, "ಅಕ್ಕನ್ನ ಕರಕೊಂಡು ಬರ್ತೀನಿ, ಶೇಂಗಾ ಹುರದು ಇಡು," ಎಂದ. "ಅವರು ಬರ್ತೀನಂದ್ರೇನು?" ಎಂದಳು ಸಂಧ್ಯಾರಾಣಿ. ಹೆಂಗಸರಿಗೆ ಕೆಲವು ಸಂಗತಿಗಳು ಮೊದಲೇ ಗೊತ್ತಾಗುತ್ತವೆ. ವೀರೇಂದ್ರ ಅಂಥದ್ದನ್ನೆಲ್ಲ ಕಿವಿಗೆ ಹಾಕಿಕೊಳ್ಳುವವನಲ್ಲ.

ಬಾಗಿಲು ತೆರೆದವಳು ರುದ್ರಾಣಿಯೇ. ಬೆಳಗಿನ ಶಿಫ್ಟ್ ಮುಗಿಸಿ ಬಂದಿದ್ದಳು, ಕೊರಳಲ್ಲಿ ಆಸ್ಪತ್ರೆಯ ಬ್ಯಾಡ್ಜು ಇನ್ನೂ ಇತ್ತು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವನನ್ನು ನೋಡಿ ಬೆಚ್ಚಲಿಲ್ಲ, ಬೈಯಲೂ ಇಲ್ಲ.

"ಬಾ. ಕೂಡು. ಚಾ ಇಡ್ತೀನಿ."

ಬೈದಿದ್ದರೆ ಚೆನ್ನಾಗಿರುತ್ತಿತ್ತು ಎನಿಸಿತು ಅವನಿಗೆ. ಅಡುಗೆಮನೆಯ ಮೇಜಿನ ಮೇಲೆ ಕಾರ್ಡು ಇಟ್ಟು, ಅವಳು ಚಾ ತರುವ ತನಕವೂ ತಡೆಯಲಾಗದೆ ಬೆನ್ನಿಗೇ ಹೇಳತೊಡಗಿದ. ಪ್ರದರ್ಶನ, ಆ ಹೆಂಗಸು, ರಬ್ಬರ್ ಬ್ಯಾಂಡಿನ ಕಟ್ಟು, ಎಲ್ಲ.

"ಒಂದು ಡಾಲರ್ ಅಕ್ಕಾ! ಕುಬೇರಂದು ಬೆಲಿ ಒಂದೇ ಒಂದು ಡಾಲರ್."

"ಗೊತ್ತೈತಿ," ಎಂದಳು ರುದ್ರಾಣಿ, ಚಾ ಸೋಸುತ್ತ.

"ಗೊತ್ತೈತಿ? ಯಾವಾಗಿಂದ?"

ಅವಳು ಬಟ್ಟಲು ಅವನ ಮುಂದಿಟ್ಟು ಎದುರಿಗೆ ಕೂತಳು.

"ಅಪ್ಪ ಹೋಗೂಕಿಂತ ಹಿಂದಿನ ಪಂಚಮಿ. ಹಾಸಿಗಿ ಹಿಡದಿದ್ದಾ ನೋಡು. ನನ್ನ ಕರದು ಕಾರ್ಡ್ ಕೈಯಾಗ ಕೊಟ್ಟ. 'ಮೆಲ್ಬರ್ನ್‌ದಾಗ ದೊಡ್ಡ ಅಂಗಡಿ ಇರ್ತಾವು, ತೋರಿಸ್ಕೊಂಡು ಬಾ. ನಿಮ್ಮಿಬ್ಬರಿಗೂ ಏನ್ ಬಿಟ್ಟು ಹೊಂಟೇನಿ ಅಂತ ಗೊತ್ತಾಗ್ಲಿ' ಅಂದ. ತೋರಿಸಿದೆ. ಅಂಗಡಿಯಾಂವ ನಕ್ಕ. ನಾ ಮುಂದಿನ ಸಲ ಬಂದಾಗ ಅಪ್ಪಗ ಏನ್ ಹೇಳಲಿ? 'ಭಾಳ ಬೆಲಿ ಐತಂತಪ್ಪಾ, ಇನ್ನೂ ಏರತೈತಂತ, ಮಾರಬ್ಯಾಡ ಅಂದಾನ' ಅಂದೆ. ಅವತ್ತ ಅಪ್ಪ ಎದ್ದು ಕುಂತು ಒಂದು ರೊಟ್ಟಿ ಹೆಚ್ಚಿಗಿ ಉಂಡ."

ವೀರೇಂದ್ರನಿಗೆ ಆ ದಿನ ನೆನಪಿತ್ತು. ಅಪ್ಪ ಗೆಲುವಾಗಿದ್ದಾರೆ ಎಂದು ಡಾಕ್ಟರಿಗೂ ಹೇಳಿದ್ದ.

"ಅದು ಜಗಲಿ ಮ್ಯಾಲೆ ಇದ್ರ ಯಾರರ ಒಬ್ಬರು ಅಂಗಡಿಗೆ ಒಯ್ತಿದ್ರು. ಸತ್ತ ಮ್ಯಾಲೆ ಅಪ್ಪನ್ನ ನೋಡಿ ಒಬ್ಬ ನಗೂದು ಬ್ಯಾಡಾಗಿತ್ತು ನನಗ. ಅದಕ್ಕ ಕಿಸೇದಾಗ ಇಟ್ಟೆ."

"ಇಷ್ಟು ಅವತ್ತ ಹೇಳಿದ್ರ ಆಗ್ತಿತ್ತಲ್ಲಕ್ಕಾ! ಒಂದೇ ಮಾತು. ಒಂದು ಡಾಲರಿಂದು ಅಂತ ಅಂದಿದ್ರ ನಾ ಯಾಕ ನಿನ್ನ ಬ್ಯಾಗಿಗೆ ಕೈ ಹಾಕ್ತಿದ್ದೆ?"

"ನಾಲಿಗಿ ತುದಿಗೆ ಬಂದಿತ್ತು," ಎಂದಳು. "ಹೇಳಿದ್ರ ನೀ ಅಂಗಡಿಗೆ ಫೋನ್ ಹಚ್ಚಿ ಕೇಳ್ತಿದ್ದಿ. ಆಮ್ಯಾಲೆ ನಂಬ್ತಿದ್ದಿ. ಯಾರನ್ನ? ಅಂಗಡಿಯಾಂವನ್ನ. ನನಗ ಅದು ಬ್ಯಾಡಾಗಿತ್ತು, ವೀರೂ. 'ನಮ್ಮಕ್ಕ ಹೇಳ್ಯಾಳ, ಮುಗೀತು' ಅಂತ ನೀ ಅನಬೇಕಾಗಿತ್ತು. ಇವತ್ತ ಅಂತಾನ, ನಾಳೆ ಅಂತಾನ ಅಂತ ಕಾದೆ."

ವೀರೇಂದ್ರ ಎದ್ದು ಬಂದು ಅವಳ ಕಾಲು ಮುಟ್ಟಿದ. ಕಣ್ಣಲ್ಲಿ ನೀರಿತ್ತು, ನಾಟಕವಲ್ಲ. "ತಪ್ಪಾತಕ್ಕಾ. ಈಗ ನಂಬೇನಿ."

ಅವಳು ತೋಳು ಹಿಡಿದು ಎಬ್ಬಿಸಿದಳು. ಅವಳ ಕೈ ಅದೇ ಹಳೆಯ ಕೈ, ಬೆಚ್ಚಗಿತ್ತು.

"ಈಗ ಬೆಲಿ ಇಲ್ಲಂತ ನಂಬೀದಿ. ನಾ ಒಂದು ಕೇಳ್ತೀನಿ, ಖರೇ ಹೇಳು. ಇವತ್ತ ಆಕಿ ಇದಕ್ಕ ಎರಡು ಲಕ್ಷ ಅಂತಂದಿದ್ರ, ನೀ ನನ್ನ ಬಾಗಲಕ್ಕ ಬರ್ತಿದ್ದೇನು?"

ಬರುತ್ತಿದ್ದೆ ಎಂದು ಹೇಳಲು ಬಾಯಿ ತೆರೆದ. ಒಂದೇ ಮಾತಿನ ಸುಳ್ಳು, ಅದನ್ನಾದರೂ ಹೇಳಬಹುದಿತ್ತು. ಆದರೆ ಅಕ್ಕ ಮುಖವನ್ನೇ ನೋಡುತ್ತಿದ್ದಳು. ಸಣ್ಣವನಿದ್ದಾಗ ಶಾಲೆಯಲ್ಲಿ ಡಬ್ಬಿಯ ಊಟ ಚೆಲ್ಲಿ ಬಂದು 'ಉಂಡೆ' ಎಂದು ಹೇಳಲು ನೋಡಿದರೂ ಹೀಗೇ ನೋಡುತ್ತಿದ್ದಳು. ಅವನು ಒಳಗೆ ಹುಡುಕಿದ, ಹೌದು ಎನ್ನುವಂಥದ್ದು ಎಲ್ಲಾದರೂ ಇದೆಯೇ ಎಂದು. ಇರಲಿಲ್ಲ. ಎರಡು ಲಕ್ಷ ಎಂದಿದ್ದರೆ ಅವನು ರೈಲು ಹತ್ತುತ್ತಿರಲಿಲ್ಲ. ವಕೀಲರನ್ನು ಹುಡುಕುತ್ತಿದ್ದ.

"ಹೋಗ್ಲಿ ಬಿಡು," ಎಂದಳು ರುದ್ರಾಣಿ. "ಚಾ ಆರತೈತಿ, ಕುಡಿ."

ಅವನು ಕುಡಿಯಲಿಲ್ಲ. ಫೋನು ತೆಗೆದು ಟಿಕೆಟ್ ತೋರಿಸಿದ.

"ಸೋಮವಾರ ಪಂಚಮಿ. ನಾಳಿನ ಟಿಕೆಟ್ ಮಾಡೇನಿ. ಕರಿಯಾಕ ಬಂದೇನಕ್ಕಾ. ನನ್ನ ಸಲುವಾಗಿ ಬ್ಯಾಡ, ಮನಿ ಸಲುವಾಗಿ ಬಾ."

ರುದ್ರಾಣಿ ಟಿಕೆಟ್ಟಿನಲ್ಲಿ ತನ್ನ ಹೆಸರು ಓದಿದಳು.

"ಮೂರು ವರ್ಷ ಪಂಚಮಿಗೆ ರಜಾ ಹಾಕಿದ್ದೆ," ಎಂದಳು. "ರೋಸ್ಟರ್ ಬರೂಕಿಂತ ಮೊದಲ, ನಾಲ್ಕ ನಾಲ್ಕ ದಿನ. ಮಹಾಶ್ವೇತಾ ಬೈತಿದ್ಲು. 'ಮಮ್, ಮಾಮಾ ಈಸ್ ನಾಟ್ ಕಮಿಂಗ್, ಯಾಕ ರಜಾ ಹಾಳ ಮಾಡ್ಕೋತೀ' ಅಂತ. ಮನ್ಯಾಗ ಕುಂದ್ರತಿದ್ದೆ. ಈ ವರ್ಷ ಹಾಕಿಲ್ಲ. ಸೋಮವಾರ ಬೆಳಗಿನ ಶಿಫ್ಟ್ ಐತಿ ನಂದು."

"ಬದಲಿ ಮಾಡ್ಕೊಳ್ಳಾಕ ಬರೂದಿಲ್ಲೇನು?"

"ಬರತೈತಿ. ಕೇಳಿದ್ರ ಯಾರರ ಮಾಡ್ತಾರ." ಕಾರ್ಡನ್ನು ಅವನ ಕಡೆಗೆ ಸರಿಸಿದಳು. "ಮನಸ್ಸಿಲ್ಲ, ವೀರೂ. ಸಿಟ್ಟಿಲ್ಲ ನನಗ. ಸಿಟ್ಟಿದ್ದಾಗ ಬಂದಿದ್ರ ನಾಲ್ಕು ಬೈದು ನಿನ್ನ ಜೊತಿಗೆ ಬರ್ತಿದ್ದೆ."

ಅದಾದ ಮೇಲೆ ಅವರಿಬ್ಬರೂ ಆ ಮಾತು ಎತ್ತಲಿಲ್ಲ. ಅವಳು ರೊಟ್ಟಿ ಬಡಿದಳು, ಬದನೆಕಾಯಿ ಪಲ್ಯ ಬಿಸಿ ಮಾಡಿದಳು. ಸಂಧ್ಯಾರಾಣಿಯ ಮಂಡಿನೋವು ಹೇಗಿದೆ ಎಂದು ಕೇಳಿದಳು. ಅವನು ಉತ್ತರ ಕೊಟ್ಟ. ಮಹಾಶ್ವೇತಾಳ ಓದಿನ ಬಗ್ಗೆ ಕೇಳಿದ, ಅವಳು ಹೇಳಿದಳು. ಬಹಳ ದಿನದ ಮೇಲೆ ಬಂದ ಪರಿಚಯದವರಿಗೆ ಬಡಿಸುವ ಹಾಗೆ ಕೇಳಿ ಕೇಳಿ ಬಡಿಸಿದಳು. ಮೊದಲೆಲ್ಲ ಅವನು ಬೇಡವೆಂದರೂ ತಾಟಿಗೆ ರೊಟ್ಟಿ ಬೀಳುತ್ತಿತ್ತು. ಈಗ ಅವನು ಸಾಕು ಎಂದಾಗ ಅವಳು ನಿಲ್ಲಿಸಿದಳು. ಅವನು ನೀರು ಕುಡಿದು ಎದ್ದ.

ಬಸ್ ಸ್ಟಾಪಿನ ತನಕ ಅವಳೇ ಜೊತೆಗೆ ಬಂದಳು. ಆಗಸ್ಟಿನ ಚಳಿ, ಶಾಲು ಹೊದ್ದಿದ್ದಳು. ವಿಶ್ವವಿದ್ಯಾಲಯದ ಹುಡುಗರು ಗುಂಪಾಗಿ ನಿಂತು ಬಸ್ಸಿಗೆ ಕಾಯುತ್ತಿದ್ದರು. ಬಸ್ಸು ಬಂದಾಗ, "ಮುಟ್ಟಿದ ಮ್ಯಾಲೆ ಮೆಸೇಜ್ ಹಾಕು," ಎಂದಳು. ಹೂಂ ಎಂದು ಹತ್ತಿದ. ಬಸ್ಸಿನ ಪಾಸು ಟ್ಯಾಪ್ ಮಾಡಿ, ಹಿಂದಿನ ಸೀಟಿಗೆ ಹೋಗಿ, ಕಿಟಕಿಯ ಗಾಜಿನ ಮಂಜು ಒರೆಸಿ ಹೊರಗೆ ನೋಡಿದ. ಬಸ್ಸು ಇನ್ನೂ ಹೊರಟಿರಲಿಲ್ಲ. ಅಕ್ಕ ಆಗಲೇ ಬೆನ್ನು ಮಾಡಿ ಮನೆಯ ಕಡೆ ನಡೆದಿದ್ದಳು, ಒಲೆಯ ಮೇಲೆ ಏನೋ ಇಟ್ಟು ಬಂದವಳ ಹಾಗೆ, ಬೇಗ ಬೇಗ.